ಕೆಂಪು ಹುಳ ಕೆರೆ ಸೇರಿದರೆ ಏನಾಗುತ್ತೆ?

ಪ್ರಶ್ನೆ: ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಬೇರೆ ಕಡೆಯ ಹುಳಗಳು ಹರಡುತ್ತಿವೆ ಅಂತ ಓದಿದೆ. ಇಷ್ಟು ಚಿಕ್ಕ ಹುಳ ಅಷ್ಟು ದೂರ ಹೇಗೆ ಹೋಗುತ್ತೆ? ಕೇಳಲು ಕಾರಣ ಇದೆ. ಮಗನ ಅಕ್ವೇರಿಯಂ ತಳದಲ್ಲಿ ದಾರದಂಥ ಕೆಂಪು ಹುಳಗಳು ಕಾಣಿಸಿವೆ. ಆ ನೀರನ್ನು ಹತ್ತಿರದ ಕೆರೆಗೆ ಸುರಿಯಬಹುದಾ?
– ಗೃಹಿಣಿ, ರಾಜಾಜಿನಗರ, ಬೆಂಗಳೂರು

ಉತ್ತರ: ಕೆರೆಗೆ ಖಂಡಿತ ಬೇಡ ಮೇಡಂ. ನೀವು ಹೇಳುವುದು ನೋಡಿದರೆ ಅದು ಟ್ಯೂಬಿಫೆಕ್ಸ್ ಇರಬೇಕು, ಮೀನಿನ ಆಹಾರ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದೇ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದರಲ್ಲೂ ಇದೆ. ಅದಕ್ಕೇ ಕೆಂಪು. ಆಮ್ಲಜನಕ ತೀರಾ ಕಮ್ಮಿ ಇರುವ ಚರಂಡಿ ಕೆಸರಲ್ಲೂ ಬದುಕುತ್ತೆ.

ಇನ್ನು ಡ್ಯಾನ್ಯೂಬ್ ವಿಷಯ. ಅಲ್ಲಿ ಹೈಪೇನಿಯಾ ಅಂತ ಒಂದು ಹುಳ ಇದೆ. ಮೂಲತಃ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯದು. ನದಿ ತಳದಲ್ಲಿ ಕೆಸರಿನದೇ ಕೊಳವೆ ಮಾಡಿಕೊಂಡು ಅದರೊಳಗೆ ಕೂತಿರುತ್ತೆ. ತಾನಾಗಿ ಎಲ್ಲಿಗೂ ಹೋಗುವ ಜೀವ ಅಲ್ಲ. ಆದರೆ 1992ರಲ್ಲಿ ಜರ್ಮನಿಯಲ್ಲಿ 171 ಕಿಲೋಮೀಟರ್ ಉದ್ದದ ಮೈನ್-ಡ್ಯಾನ್ಯೂಬ್ ಕಾಲುವೆ ತೆರೆದರು ನೋಡಿ, ಆಗ ಕಪ್ಪು ಸಮುದ್ರಕ್ಕೆ ಹರಿಯುವ ಡ್ಯಾನ್ಯೂಬಿಗೂ ಉತ್ತರ ಸಮುದ್ರಕ್ಕೆ ಹರಿಯುವ ರೈನ್ ನದಿಗೂ ನೀರಿನ ದಾರಿ ಆಯಿತು, ಹಡಗುಗಳು ಆ ಕಡೆಯಿಂದ ಈ ಕಡೆ ಓಡಾಡಿದವು, ಈ ಹುಳವೂ ರೈನ್ ಸೇರಿತು. ದಾರಿ ಮಾಡಿಕೊಟ್ಟಿದ್ದು ಮನುಷ್ಯರೇ ಅಲ್ವಾ?

ಏಷ್ಯಾದಿಂದ ಅಲ್ಲಿಗೆ ಹೋದದ್ದೂ ಉಂಟು. ಬ್ರಾಂಕಿಯೂರಾ ಅಂತ ಅದರ ಹೆಸರು. ತಲೆ ಕೆಸರಲ್ಲಿ ಹೂತುಕೊಂಡು ಬಾಲ ಮೇಲೆ ಮಾಡಿ ಅಲ್ಲಾಡಿಸುತ್ತಾ ಇರುತ್ತೆ. ಉಸಿರಾಟ ಬಾಲದಿಂದ: ಅಲ್ಲಿ ಸಾಲಾಗಿ ಸಣ್ಣ ಬೆರಳಿನಂಥ ಕಿವಿರುಗಳಿವೆ. 1892ರಲ್ಲಿ ಇದನ್ನು ಮೊದಲು ಗುರುತಿಸಿ ಹೆಸರಿಟ್ಟದ್ದು ಲಂಡನ್ನಿನಲ್ಲಿ, ಅದೂ ಒಂದು ಸಸ್ಯೋದ್ಯಾನದಲ್ಲಿ ದೈತ್ಯ ನೈದಿಲೆ ಬೆಳೆಸುತ್ತಿದ್ದ ತೊಟ್ಟಿಯಲ್ಲಿ! ನೀರಿನ ಗಿಡಗಳ ಜೊತೆಗೇ ಬಂದಿರಬೇಕು. ಇಂಥ ಹುಳಗಳ ಮೊಟ್ಟೆಗಳು ಪುಟ್ಟ ಗೂಡಿನೊಳಗೆ ಇರುತ್ತವೆ, ಬೇರಿಗೆ ಅಂಟಿದ ಒಂದು ಚಿಟಿಕೆ ಕೆಸರಲ್ಲೂ ಸುಲಭವಾಗಿ ಸಾಗಿಬಿಡುತ್ತವೆ.

ನಿಮ್ಮ ತೊಟ್ಟಿಯಲ್ಲೂ ಟ್ಯೂಬಿಫೆಕ್ಸ್ ಒಂದೇ ಇರಲ್ಲ. ಬೇರೆ ದೇಶದ ಗಿಡದ ಚೂರು, ಬಸವನಹುಳದ ಮೊಟ್ಟೆ, ಮೀನಿನ ರೋಗ, ಏನು ಬೇಕಾದರೂ ಇರಬಹುದು. ಮಳೆನೀರಿನ ಚರಂಡಿಗೂ ಸುರಿಯಬೇಡಿ. ನಿಮ್ಮ ಕಡೆಯ ರಾಜಕಾಲುವೆ ಸೇರೋದು ವೃಷಭಾವತಿಗೆ, ಅದು ಅರ್ಕಾವತಿಗೆ, ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ನೀರನ್ನು ಕುಂಡದ ಗಿಡಗಳಿಗೆ ಹಾಕಿ, ಚೆನ್ನಾಗಿ ಬರುತ್ತವೆ. ಕಲ್ಲು, ಮರಳನ್ನು ಕುದಿಯುವ ನೀರಲ್ಲಿ ತೊಳೆಯಿರಿ. ತೆಗೆದ ಗಿಡಗಳನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ.

ಪ್ರಶ್ನೆ: ಅಕ್ವೇರಿಯಂ ಗಾಜಿಗೆ ಬಾಯಿಂದ ಅಂಟಿಕೊಳ್ಳುವ ಸಕ್ಕರ್ ಮೀನು ಬೇಡವಾಗಿದೆ, ಅದನ್ನು ಕೆರೆಗೆ ಬಿಟ್ಟರೆ ಪಾಪ ಬದುಕಿಕೊಳ್ಳುತ್ತೆ ಅಲ್ವಾ?
– ವಿದ್ಯಾರ್ಥಿ, ಯಲಹಂಕ

ಉತ್ತರ: ಬದುಕುತ್ತೆ, ತೊಂದರೆ ಇರೋದೇ ಅಲ್ಲಿ. ದಕ್ಷಿಣ ಅಮೆರಿಕದ ಆ ಮೀನು ಈಗಾಗಲೇ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಬೀಡುಬಿಟ್ಟಿದೆ. ಅಕ್ವೇರಿಯಂ ಅಂಗಡಿಯವರನ್ನು ಕೇಳಿ, ಕೆಲವರು ವಾಪಸ್ ತಗೊಳ್ಳುತ್ತಾರೆ. ಹೋಗುವ ಮುಂಚೆ ಒಂದು ಫೋನ್ ಮಾಡಿ.