ದರ್ಗಾಯಿ ಗುಡ್ಡದಲ್ಲಿ ನುಡಿದದ್ದು ಯಾವ ಮಟ್ಟು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ರಣವಾದ್ಯಗಳ ಬಗ್ಗೆ ಬರೆಯುತ್ತಾ, 1897ರ ದರ್ಗಾಯಿ ಗುಡ್ಡದ ಕದನದಲ್ಲಿ ಎರಡೂ ಕಾಲಿಗೆ ಗುಂಡು ಬಿದ್ದ ಸ್ಕಾಟ್ಲೆಂಡಿನ ಬ್ಯಾಗ್‌ಪೈಪರ್ ಜಾರ್ಜ್ ಫಿಂಡ್ಲೇಟರ್ 'ಕಾಕ್ ಓ ದ ನಾರ್ತ್' ನುಡಿಸಿದ ಎಂದಿದ್ದೀರಿ. ನಾನು ಓದಿದ್ದು ಬೇರೆ ಮಟ್ಟಿನ ಹೆಸರು. ಯಾವುದು ಸರಿ? ಅಲ್ಲದೆ, ಕಾಲು ಮುರಿದುಕೊಂಡವನು ಅಷ್ಟು ದೊಡ್ಡ ವಾದ್ಯ ಊದುವುದು ಸಾಧ್ಯವೇ? ಆಮೇಲೆ ಆತ ಏನಾದ?" ನಿವೃತ್ತ ಶಿಕ್ಷಕರೊಬ್ಬರು, ತೀರ್ಥಹಳ್ಳಿ

ಮೇಷ್ಟ್ರೇ, ನಮಸ್ಕಾರ.

ತಪ್ಪು ನಮ್ಮದೇ. ಲೇಖಕರು ಕೊಟ್ಟ ಪ್ರತಿಯಲ್ಲಿ ಮಟ್ಟಿನ ಹೆಸರೇ ಇರಲಿಲ್ಲ. ಎಲ್ಲೋ ಓದಿದ ನೆನಪಿನಲ್ಲಿ ಸೇರಿಸಿದವನು ನಾನು. ಹಾಗಾಗಿ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ.

ಫಿಂಡ್ಲೇಟರ್ ತಾನೇ ಹೇಳಿಕೊಂಡ ಪ್ರಕಾರ ಆವತ್ತು ನುಡಿಸಿದ್ದು 'ಹಾಕ್ಸ್ ಓ ಕ್ರಾಮ್ಡೇಲ್'. ಕ್ರಾಮ್ಡೇಲಿನ ಹೊಳೆಬಯಲು ಅಂತ ಅರ್ಥ. 'ಕಾಕ್ ಓ ದ ನಾರ್ತ್', ಅಂದರೆ ಉತ್ತರ ಸೀಮೆಯ ಹುಂಜ, ಅವನ ಗಾರ್ಡನ್ ಹೈಲ್ಯಾಂಡರ್ಸ್ ಪಡೆಯ ನಡಿಗೆಯ ಮಟ್ಟು. ಅದನ್ನೇ ನುಡಿಸಬೇಕೆಂದು ಅಪ್ಪಣೆಯೂ ಆಗಿತ್ತಂತೆ. ಆದರೆ ಆ ಅಪ್ಪಣೆ ತನ್ನ ಕಿವಿಗೆ ಬೀಳಲೇ ಇಲ್ಲ ಅಂತಾನೆ ಆತ. ನುಗ್ಗುವುದಕ್ಕೆ ಚುರುಕಾದ ಸ್ಟ್ರಾತ್‌ಸ್ಪೇ ಬೇಕು ಅಂತ ತನಗೇ ತೋಚಿತು, ಕ್ರಾಮ್ಡೇಲ್ ಎತ್ತಿಕೊಂಡ. ಸ್ಟ್ರಾತ್‌ಸ್ಪೇ ಅಂದರೆ ಸ್ಕಾಟ್ಲೆಂಡಿನ ಒಂದು ಕುಣಿತದ ನಡೆ. ನಾಲ್ಕು ಪೆಟ್ಟು, ಒಂದು ಸ್ವರ ಚಿಕ್ಕದು, ಪಕ್ಕದ್ದು ಉದ್ದ, ತಟ್ಟನೆ ಜಿಗಿದ ಹಾಗೆ. ಹುಂಜದ ಮಟ್ಟು ಆರು-ಎಂಟರ ಲೆಕ್ಕದ್ದು, ಅಂದರೆ ಆವರ್ತಕ್ಕೆ ಆರು ಚಿಕ್ಕ ಪೆಟ್ಟು, ಉರುಳಿಕೊಂಡು ಹೋಗುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಸಂಗೀತ ಕಲಿಯದವರಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಪತ್ರಿಕೆಗಳಿಗೆ ಮಾತ್ರ ಹುಂಜವೇ ಬೇಕಿತ್ತು. ಪಡೆಯ ಹೆಸರಿಗೂ ಮಟ್ಟಿನ ಹೆಸರಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಗಾರ್ಡನ್ ಮನೆತನದ ಡ್ಯೂಕನನ್ನೇ ಜನ 'ಉತ್ತರ ಸೀಮೆಯ ಹುಂಜ' ಅಂತ ಕರೆಯುತ್ತಿದ್ದರು. ಸುದ್ದಿಮನೆಯಲ್ಲಿ ಕೂತವರಿಗೆ ಇಷ್ಟು ಸಾಕು. ನುಡಿಸಿದವನ ಮಾತನ್ನು ಯಾರು ಕೇಳಬೇಕು? ಸುಮಾರು 125 ವರ್ಷದ ಮೇಲೆ ನಾನೂ ಕೇಳಲಿಲ್ಲ.

ಕ್ರಾಮ್ಡೇಲ್ ಮಟ್ಟಿನದ್ದೂ ಇಂಥದೇ ಕಥೆ. 1690ರಲ್ಲಿ ಸ್ಪೇ ಹೊಳೆಯ ದಂಡೆಯ ಕ್ರಾಮ್ಡೇಲಿನಲ್ಲಿ ಪದಚ್ಯುತ ದೊರೆ ಜೇಮ್ಸನ ಕಡೆಯವರು ಮಲಗಿದ್ದಾಗ ಸರ್ಕಾರದ ಕುದುರೆ ದಂಡು ಬಂದು ಬಡಿದು ಹಾಕಿತು. ಹಾಡು ಕಟ್ಟಿದವರು ಅದಕ್ಕೆ 1645ರ ಆಲ್ಡರ್ನ್ ಕದನದಲ್ಲಿ ಆಗಿನ ದೊರೆಯ ಕಡೆಯವರು ಗೆದ್ದದ್ದನ್ನು ಬೆಸೆದು, ಸೋತ ಕಡೆಯವರನ್ನು ಗೆಲ್ಲಿಸಿಬಿಟ್ಟರು. ಆ ಹಾಡಿನಲ್ಲಿ ಗಾರ್ಡನ್ನರ ಹೆಸರೂ ಬರುತ್ತದೆ. ಹಾಗಾಗಿ ಫಿಂಡ್ಲೇಟರ್ ಆರಿಸಿಕೊಂಡದ್ದು ಪಡೆಗೆ ಪರಕೀಯ ಮಟ್ಟೇನೂ ಅಲ್ಲ.

ಇನ್ನು ಆ ದಿನದ ಮಾತು. 1897ರ ಅಕ್ಟೋಬರ್ 20. ಜಾಗ ಆಗಿನ ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿ, ಈಗ ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ. (ಮಲಕಂದ್ ಹತ್ತಿರದ ದರ್ಗಾಯಿ ಪಟ್ಟಣ ಬೇರೆ, ಇದು ಬೇರೆ.) ನಮ್ಮಲ್ಲಿ ಸಿನಿಮಾದಿಂದ ಹೆಸರಾದ ಸಾರಾಗಢಿ ಇದೇ ಸೀಮೆಯದು. 21 ಸಿಖ್ ಸೈನಿಕರು ಅಲ್ಲಿ ಸತ್ತದ್ದು ಅದೇ ವರ್ಷ ಸೆಪ್ಟೆಂಬರ್ 12ಕ್ಕೆ. ತಮ್ಮ ನೆಲ ಕಾಯುತ್ತಿದ್ದ ಅಫ್ರೀದಿ, ಒರಕ್‌ಝೈ ಜನ ಗುಡ್ಡದ ನೆತ್ತಿಯಲ್ಲಿದ್ದರು. ಬ್ರಿಟಿಷರು ಇದೇ ಗುಡ್ಡವನ್ನು ಎರಡು ದಿನ ಮೊದಲು, 18ರಂದು, ಒಂದು ಸಲ ಹಿಡಿದಿದ್ದರು. ಹಿಡಿದು, ಬಿಟ್ಟು ಇಳಿದು ಬಂದಿದ್ದರು! ಮತ್ತೆ ಹತ್ತಬೇಕಾಯಿತು.

20ರಂದು ಮೊದಲು ಹೋದವರು ಗೂರ್ಖಾಗಳು. ಆಮೇಲೆ ಡಾರ್ಸೆಟ್, ಡರ್ಬಿಶೈರ್ ಪಡೆಗಳು. ಮರೆ ಇಲ್ಲದ ಒಂದು ತುಂಡು ಬಯಲು ದಾಟಬೇಕು, ಅಲ್ಲೇ ಬಹಳ ಜನ ಬಿದ್ದರು. ಮಧ್ಯಾಹ್ನದ ಮೇಲೆ ಗಾರ್ಡನ್ನರ ಕರ್ನಲ್ ಮಥಾಯಸ್, ಏನಾದರೂ ಆಗಲಿ ಗುಡ್ಡ ಹಿಡಿಯಲೇಬೇಕಂತೆ, ನಾವು ಹಿಡಿಯುತ್ತೇವೆ ಎಂದ. ಪೈಪರ್‌ಗಳು ಮುಂದೆ ಓಡಿದರು. ಫಿಂಡ್ಲೇಟರನ ಕಾಲುಗಳಿಗೆ ಗುಂಡು ಬಿತ್ತು. ಬಂಡೆಗೆ ಒರಗಿ ಕೂತು ಊದುತ್ತಲೇ ಇದ್ದ. ಈ ಸಲ ಗುಡ್ಡ ಕೈಗೆ ಬಂತು. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಗಾರ್ಡನ್ನರದೇ ಹೆಸರು. ಬೆಳಗಿನಿಂದ ಬಯಲಿನಲ್ಲಿ ಬಿದ್ದಿದ್ದ ಗೂರ್ಖಾಗಳಿಗೆ ಮಟ್ಟು ಕಟ್ಟಿದವರು ಯಾರೂ ಇಲ್ಲ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಸಾಧ್ಯವೇ ಅಂತ ಕೇಳಿದ್ದೀರಿ. ಸಾಧ್ಯ. ನಮ್ಮ ಓಲಗ ನೆನೆಸಿಕೊಳ್ಳಿ. ಒಬ್ಬರು ನುಡಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಶ್ರುತಿ ಹಿಡಿದಿರುತ್ತಾರೆ, ಅಲ್ವಾ? ಬ್ಯಾಗ್‌ಪೈಪಿನಲ್ಲಿ ಇಬ್ಬರ ಕೆಲಸವೂ ಒಬ್ಬನದೇ. ಕಂಕುಳಲ್ಲಿ ಗಾಳಿ ಚೀಲ, ಹೆಗಲ ಮೇಲೆ ಶ್ರುತಿಯ ಮೂರು ಕೊಳವೆ, ಕೈಯಲ್ಲಿ ಒಂಬತ್ತು ಸ್ವರದ ಚ್ಯಾಂಟರ್, ಅಂದರೆ ಮಟ್ಟು ನುಡಿಸುವ ಕೊಳವೆ. ಬಾಯಿಂದ ಚೀಲ ತುಂಬಿಸಬೇಕು, ತೋಳಿನಿಂದ ಒತ್ತಬೇಕು. ಉಸಿರು ಎಳೆದುಕೊಳ್ಳುವಾಗಲೂ ಚೀಲದ ಗಾಳಿಯಲ್ಲಿ ಸ್ವರ ನಡೆಯುತ್ತಲೇ ಇರುತ್ತದೆ. ಕಾಲಿನ ಕೆಲಸ ಏನೂ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ನೋವಿನಲ್ಲಿ ತೋಳಿನ ಒತ್ತಡ ಸ್ವಲ್ಪ ಏರುಪೇರಾದರೂ ಶ್ರುತಿ ಕೆಡುತ್ತದೆ. ಆ ಗದ್ದಲದಲ್ಲಿ ಅವನ ಶ್ರುತಿ ಹೇಗಿತ್ತೋ, ಗಮನಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ ಬಿಡಿ.

ಆಮೇಲಿನ ಬದುಕು ನನಗೆ ಗುಡ್ಡದ ಕಥೆಗಿಂತ ಜಾಸ್ತಿ ಹಿಡಿಸುತ್ತದೆ. ಅಬರ್ಡೀನ್‌ಶೈರಿನ ಹಳ್ಳಿಯಲ್ಲಿ 1872ರಲ್ಲಿ ಹುಟ್ಟಿದ ಹುಡುಗ. 16ಕ್ಕೆಲ್ಲ ಸೈನ್ಯ ಸೇರಿದ್ದ. 1898ರ ಮೇ ತಿಂಗಳಲ್ಲಿ ನೆಟ್ಲಿ ಆಸ್ಪತ್ರೆಯಲ್ಲಿ ವಿಕ್ಟೋರಿಯಾ ರಾಣಿ ತಾನೇ ವಿಕ್ಟೋರಿಯಾ ಕ್ರಾಸ್, ಅಂದರೆ ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ, ತೊಡಿಸಿದಳು. ಆ ಪದಕಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು 10 ಪೌಂಡ್. ಕಾಲು ಕೆಟ್ಟವನು ಅದರಲ್ಲಿ ಹೇಗೆ ಬದುಕುವುದು? ಲಂಡನ್ನಿನ ಅಲ್ಹಾಂಬ್ರಾ ರಂಗಮಂದಿರದವರು ಕರೆದರು, ಹೋದ. ಟಿಕೆಟ್ ಕೊಟ್ಟು ಬಂದವರ ಮುಂದೆ ಪೈಪ್ ನುಡಿಸಿದ. ದೊಡ್ಡವರಿಗೆ ಸಿಟ್ಟು ಬಂತು. ರಾಣಿಯ ಪದಕ ಹಾಕಿಕೊಂಡವನು ಹಾಸ್ಯಗಾರರ ನಡುವೆ ನಿಲ್ಲುವುದೇ? ವಿಷಯ ಪಾರ್ಲಿಮೆಂಟಿಗೂ ಹೋಯಿತು. ನಾನಂತೂ ಫಿಂಡ್ಲೇಟರನ ಕಡೆ. ಮಾನದ ಬಗ್ಗೆ ಮಾತಾಡಿದವರು ಮೊದಲು ಅವನ ಖರ್ಚು ನೋಡಿಕೊಳ್ಳಬೇಕಿತ್ತು. ಗಲಾಟೆಯಿಂದ ಒಂದು ಒಳ್ಳೆಯದಾಯಿತು. ಕಷ್ಟದಲ್ಲಿರುವ ಪದಕದವರಿಗೆ ವರ್ಷಕ್ಕೆ 50 ಪೌಂಡಿನವರೆಗೆ ಕೊಡಬಹುದು ಎಂದು ಅದೇ ವರ್ಷ ನಿಯಮ ಬದಲಾಯಿತು.

ಬಳಿಕ ಊರಿನ ಕಡೆ ಹೋಗಿ ಬೇಸಾಯಕ್ಕೆ ಇಳಿದ. ಅಲ್ಲಿಗೆ ಸುಮ್ನಿದ್ದನೇ? 1914ರಲ್ಲಿ, 42ರ ವಯಸ್ಸಿಗೆ, ಮತ್ತೆ ಸೈನ್ಯಕ್ಕೆ. 1915ರಲ್ಲಿ ಫ್ರಾನ್ಸಿನ ಲೂಸ್‌ನಲ್ಲಿ ಮತ್ತೆ ಗಾಯ. ಡೇನಿಯಲ್ ಲೇಡ್ಲಾ ಎಂಬ ಇನ್ನೊಬ್ಬ ಸ್ಕಾಟಿಷ್ ಪೈಪರ್ ಕಂದಕದ ದಂಡೆ ಹತ್ತಿ ನುಡಿಸಿ ಅದೇ ಪದಕ ಪಡೆದದ್ದೂ ಲೂಸ್‌ನಲ್ಲೇ.

ಸಂಗೀತದ ಕಡೆ ಆತ ಬಿಟ್ಟು ಹೋದದ್ದು ಏನು? ಫಿಂಡ್ಲೇಟರ್ ದೊಡ್ಡ ಮಟ್ಟು ಕಟ್ಟಿದವನಲ್ಲ. 'ದ ಹೈಟ್ಸ್ ಆಫ್ ದರ್ಗಾಯಿ' ಎಂಬ ಒಂಬತ್ತು-ಎಂಟರ ಮಟ್ಟು ಇವತ್ತಿಗೂ ಪೈಪ್ ಬ್ಯಾಂಡ್‌ಗಳಲ್ಲಿ ನಡೆಯುತ್ತಿದೆ, ಆದರೆ ಅದು ಆ ಕದನದ ಹೆಸರಲ್ಲಿ ಬೇರೆಯವರು ಕಟ್ಟಿದ್ದು. ಫಿಂಡ್ಲೇಟರ್ ಮಾಡಿದ್ದು ಇನ್ನೊಂದು ಕೆಲಸ. ಮನೆ ಹತ್ತಿರದ ಟರಿಫ್ ಪಟ್ಟಣದ ಪೈಪ್ ಬ್ಯಾಂಡಿಗೆ 1927ರಿಂದ 1940ರವರೆಗೆ ಆತನೇ ಪೈಪ್ ಮೇಜರ್, ಅಂದರೆ ಬ್ಯಾಂಡಿನ ಮುಖ್ಯಸ್ಥ. ಸಂತೆ, ಜಾತ್ರೆಯಂಥ ಕೂಟಗಳಲ್ಲಿ ನುಡಿಸುವ ಊರಿನ ಬ್ಯಾಂಡು. ತೀರಿಕೊಂಡದ್ದು 1942ರ ಮಾರ್ಚಿನಲ್ಲಿ.

ತಿದ್ದುಪಡಿ ಇದೇ ಸಂಚಿಕೆಯ 4ನೇ ಪುಟದಲ್ಲಿದೆ. ಈ ಸಲ ಅಚ್ಚಿಗೆ ಹೋಗುವ ಮುಂಚೆ ಲೇಖಕರಿಗೂ ಓದಿ ಹೇಳಿದ್ದೇನೆ.

ನಿಮ್ಮ
ಸಂಪಾದಕ