ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿಸಬೇಡಿ

ಪ್ರಶ್ನೆ: ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದೈತ್ರಿ. ಸಂತ್ಯಾಗ ರಿಪೇರಿ ಮಾಡಾವ್ರು, ‘ಸೂಜಿಲೆ ಚುಚ್ಚಿ ಗಾಳಿ ತಗದ್ರ ಸಾಕು, ಹೊಸಾದ್ ಬ್ಯಾಡ’ ಅಂತಾರ. ಮಾಡಿಸಬಹುದೇನ್ರಿ ಸರ್? — ಲಕ್ಷ್ಮೇಶ್ವರದ ಓದುಗರು

ಉತ್ತರ: ಖಂಡಿತ ಬೇಡ. ಬಿಸಿಲು ಏರಿದಂತೆ ಹಾವೇರಿಯಿಂದ ಧಾರವಾಡದವರೆಗೆ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಸೂಜಿ ಹಿಡಿದು ಕೂತವರ ಧೈರ್ಯ ಕಂಡರೆ ನನಗೆ ಸಿಟ್ಟು ಬರುತ್ತದೆ. ಒಳಗಿರುವುದು ಸೈಕಲ್ ಟ್ಯೂಬಿನ ಗಾಳಿಯಲ್ಲ. ಬ್ಯಾಟರಿಯೊಳಗಿನ ಎಲೆಕ್ಟ್ರೊಲೈಟ್ ಎಂಬ ರಾಸಾಯನಿಕ ದ್ರವ ಕೆಟ್ಟು ಹುಟ್ಟಿದ ಅನಿಲ ಅದು, ಬೆಂಕಿ ಹತ್ತುವಂಥದ್ದೂ ಅದರಲ್ಲಿರುತ್ತದೆ. ಪ್ಲಸ್, ಮೈನಸ್ ಪದರಗಳನ್ನು ಬೇರೆಯಾಗಿಟ್ಟಿರುವ ಪ್ಲಾಸ್ಟಿಕ್ ಹಾಳೆ ತಲೆಗೂದಲಿಗಿಂತ ತೆಳು. ಸೂಜಿ ಅದನ್ನು ದಾಟಿತೋ, ಒಳಗೇ ಶಾರ್ಟ್ ಆಗಿ ಬ್ಯಾಟರಿ ಕಾದು ಭಗ್ಗನೆ ಉರಿಯಬಹುದು. ಆ ಹೊಗೆ ವಿಷ. ಚಾರ್ಜ್ ಹೆಚ್ಚಿದ್ದಷ್ಟೂ ಉರಿ ಜೋರು. ಚುಚ್ಚಿದ ತಕ್ಷಣ ಏನೂ ಆಗಲಿಲ್ಲವೆಂದು ನಂಬಬೇಡಿ. ಆ ತೂತಿನಿಂದ ಗಾಳಿಯ ತೇವ ಒಳಗಿಳಿದು ಬ್ಯಾಟರಿ ಇನ್ನಷ್ಟು ಕೆಡುತ್ತದೆ.

ಈಗಲೇ ಫೋನ್ ಸ್ವಿಚ್ ಆಫ್ ಮಾಡಿ. ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಎದ್ದ ಕವರನ್ನು ಒತ್ತಿ ರಬ್ಬರ್ ಬ್ಯಾಂಡ್ ಸುತ್ತುವವರನ್ನು ಕಂಡಿದ್ದೇನೆ, ಅದೂ ತಪ್ಪು. ಹಾಸಿಗೆ, ಗ್ಯಾಸ್ ಸಿಲಿಂಡರಿನಿಂದ ದೂರ, ಬರೀ ಕಲ್ಲಿನ ನೆಲದ ಮೇಲಿಟ್ಟು, ಆದಷ್ಟು ಬೇಗ ಕಂಪನಿ ಸರ್ವೀಸ್ ಸೆಂಟರಿಗೆ ಒಯ್ಯಿರಿ. ಹಳೆಯ ಬ್ಯಾಟರಿ ಅಲ್ಲೇ ಬಿಟ್ಟು ಬನ್ನಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ವಿಲೇವಾರಿಯ ಹೊಣೆ ತಯಾರಕರದ್ದು. ಕಸದ ಗಾಡಿಗೆ ಹಾಕಿದರೆ ಜಜ್ಜಿಹೋಗಿ ಅಲ್ಲಿ ಹೊತ್ತಿಕೊಳ್ಳಬಹುದು, ಪೌರಕಾರ್ಮಿಕರ ಕೈ ಸುಡಬಹುದು.

ಮನೆಯ ಹಿರಿಯರ ಕೀಪ್ಯಾಡ್ ಫೋನನ್ನೂ ನೋಡಿ. ಬ್ಯಾಟರಿ ತೆಗೆದು ಸಪಾಟು ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಗಿರಗಿರನೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದೇ ಲೆಕ್ಕ. ಸ್ಮಾರ್ಟ್‌ಫೋನಿನಲ್ಲಾದರೆ ಡಿಸ್‌ಪ್ಲೇ ಅಂಚಿನಲ್ಲಿ ಸಂದು ಕಾಣುತ್ತದೆ. ಉಗುರಿನ ಬಣ್ಣ ಒರೆಸುವ ದ್ರವದಂಥ ಸಿಹಿವಾಸನೆ ಬಂದರೆ ಒಳಗಿನದು ಸೋರುತ್ತಿದೆ.

ಬ್ಯಾಟರಿ ಉಬ್ಬಲು ದೊಡ್ಡ ಕಾರಣಗಳು ಕಾವು, ಕಳಪೆ ಬ್ಯಾಟರಿ. ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನ ಕೆಳಗಿಟ್ಟು ಮಲಗುವುದು, ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಬಿಡುವುದು, ಹೆಸರಿಲ್ಲದ ಅಗ್ಗದ ಬ್ಯಾಟರಿ ಹಾಕಿಸುವುದು, ಮೂರನ್ನೂ ನಿಲ್ಲಿಸಿ. ಅಕಸ್ಮಾತ್ ಬೆಂಕಿ ಹತ್ತಿದರೆ ಮೊದಲು ಮೇನ್ ಸ್ವಿಚ್ ಆರಿಸಿ, ಹೊಗೆ ಕುಡಿಯದಂತೆ ದೂರ ನಿಂತು ಧಾರಾಳವಾಗಿ ನೀರು ಸುರಿಯಿರಿ. ನೀರು ಹಾಕಬಾರದೆಂಬ ಮಾತು ಸುಳ್ಳು. ಬ್ಯಾಟರಿ ತಣಿಯುವುದೇ ನೀರಿನಿಂದ.

ಪ್ರಶ್ನೆ: ಮಳೆಯಲ್ಲಿ ತೊಯ್ದ ಫೋನನ್ನು ಅಕ್ಕಿಯಲ್ಲಿ ಹೂಳಬೇಕೇ? — ರಾಣೆಬೆನ್ನೂರು

ಉತ್ತರ: ಬೇಡ, ಅಕ್ಕಿಯ ಪುಡಿ ಚಾರ್ಜಿಂಗ್ ಪೋರ್ಟಿಗೆ ಸೇರುತ್ತದೆ. ಆಫ್ ಮಾಡಿ, ಫ್ಯಾನಿನ ಗಾಳಿಗೆ ಒಣಗಿಸಿ.

ಪ್ರಶ್ನೆ: ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಲೇ? — ಹುಬ್ಬಳ್ಳಿ

ಉತ್ತರ: ಶುದ್ಧ ಮೋಸ. ಅದು ಆ್ಯಂಟೆನಾಕ್ಕೆ ಅಡ್ಡ ಬಂದರೆ ಫೋನ್ ಇನ್ನೂ ಜೋರಾಗಿ ಸಿಗ್ನಲ್ ಬಿಡುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಪ್ರಶ್ನೆ: ಹೊಲದಲ್ಲಿ ಮೊಬೈಲ್ ಸಿಡಿಲನ್ನು ಎಳೆಯುತ್ತದೆಯೇ? — ಮುಂಡರಗಿ

ಉತ್ತರ: ಇಲ್ಲ. ಗುಡುಗು ಕೇಳಿದೊಡನೆ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರಿಕೊಳ್ಳಿ. ಚಾರ್ಜರಿಗೆ ಸಿಕ್ಕಿಸಿದ ಫೋನನ್ನು ಮಾತ್ರ ಆಗ ಮುಟ್ಟಬೇಡಿ.