ತುವಾ ತಾನಾಗಿಯೇ ಸೇರಿತೇ?

ಶಿರಸಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಅಣ್ಣ ಜೋಪಾನ ಮಾಡಿಟ್ಟ ಅಂಚೆಚೀಟಿಗಳಲ್ಲಿ ‘ತುವಾ’ ಎಂಬ ದೇಶದ ತ್ರಿಕೋನ ಚೀಟಿಗಳಿವೆ. ಭೂಪಟದಲ್ಲಿ ಅಂಥ ದೇಶ ಕಾಣಲಿಲ್ಲ. 1944ರಲ್ಲಿ ಅದು ಸ್ವಇಚ್ಛೆಯಿಂದ ಸೋವಿಯತ್ ಒಕ್ಕೂಟ ಸೇರಿತೆಂದು ಓದಿದೆ. ಸ್ವಂತ ಬಾವುಟ, ಸ್ವಂತ ನಾಣ್ಯ ಇದ್ದ ದೇಶ ಹಾಗೆ ಮಾಡೀತೇ?"

ಮಾನ್ಯರೇ, ಅರ್ಜಿ ಕೊಟ್ಟದ್ದು ತುವಾದವರೇ, ಸುಳ್ಳಲ್ಲ. ಆದರೆ 1944ಕ್ಕಿಂತ ಮೊದಲು 1929ನ್ನು ನೋಡಬೇಕು.

ತುವಾ ಇರುವುದು ಯೆನಿಸೇ ನದಿಯ ಮೇಲ್ದಂಡೆಯಲ್ಲಿ, ಮಂಗೋಲಿಯಾಕ್ಕೆ ತಾಗಿಕೊಂಡು. ಚೀನಾದ ಚಿಂಗ್ ಅರಸರು ಬಿದ್ದ ಮೇಲೆ 1914ರಲ್ಲಿ ರಷ್ಯಾದ ದೊರೆ ತ್ಸಾರನ ಆಶ್ರಯಕ್ಕೆ ಬಂತು, ತ್ಸಾರನೂ ಹೋದ. 1921ರ ಆಗಸ್ಟಿನಲ್ಲಿ ಗಣರಾಜ್ಯದ ಘೋಷಣೆಯಾಯಿತು. ನಾಣ್ಯಕ್ಕೆ ‘ಅಕ್ಷಾ’ ಎಂದು ಹೆಸರು. ಅದನ್ನು ದೇಶವೆಂದು ಒಪ್ಪಿದ್ದು ಸೋವಿಯತ್ ಒಕ್ಕೂಟ ಮತ್ತು ಮಂಗೋಲಿಯಾ, ಇಬ್ಬರೇ. ನಿಮ್ಮ ಚೀಟಿಗಳು ಕೂಡ ಅಚ್ಚಾದದ್ದು ಮಾಸ್ಕೋದಲ್ಲಿ. 1936ರ ಒಂದು ಚೀಟಿಯಲ್ಲಿ ಒಂಟೆಯೂ ಉಗಿಬಂಡಿಯೂ ಜೊತೆಯಾಗಿ ಓಡುತ್ತವೆ. ತುವಾಕ್ಕೆ ಇಂದಿಗೂ ರೈಲು ಬಂದಿಲ್ಲ!

ಹಾಗೆಂದು ಅದು ಹುಟ್ಟಿನಿಂದಲೇ ಬೊಂಬೆ ಸರ್ಕಾರವಾಗಿತ್ತು ಎಂದರೆ ಅನ್ಯಾಯವಾದೀತು. ಇಪ್ಪತ್ತರ ದಶಕದಲ್ಲಿ ಪ್ರಧಾನಿಯಾಗಿದ್ದ ದೊಂಡುಕ್ ಕುಲಾರ್ ಹಿಂದೆ ಬೌದ್ಧ ಭಿಕ್ಷುವಾಗಿದ್ದವರು. ಬೌದ್ಧ ಧರ್ಮಕ್ಕೆ ರಾಜ್ಯದ ಮನ್ನಣೆ ಕೊಡಿಸಿ, ಮಂಗೋಲಿಯಾದ ಕಡೆ ವಾಲಿ, ಮಾಸ್ಕೋದಿಂದ ತುಸು ದೂರ ನಿಲ್ಲಲು ನೋಡಿದರು. ಮಾಸ್ಕೋ ಸೈನ್ಯ ಕಳಿಸುವ ಗೋಜಿಗೆ ಹೋಗಲಿಲ್ಲ. ಪೂರ್ವದೇಶಗಳ ಕಮ್ಯುನಿಸ್ಟರಿಗಾಗಿ ತಾನು ನಡೆಸುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಓದಿದ ಐವರು ತುವಾ ಯುವಕರಿಗೆ 1929ರಲ್ಲಿ ವಿಶೇಷ ಅಧಿಕಾರ ಕೊಡಿಸಿತು. ದೊಂಡುಕ್ ಸೆರೆಯಾದರು, 1932ರಲ್ಲಿ ಅವರನ್ನು ಕೊಂದರು. ಬೌದ್ಧ ಮಠಗಳ ಬಾಗಿಲು ಹಾಕಿಸಲಾಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಪಳಗಿದ ಸಲ್ಚಾಕ್ ತೋಕಾ ತುವಾದ ಆಳುವ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ನನ್ನ ಲೆಕ್ಕದಲ್ಲಿ ತುವಾ ಕೈತಪ್ಪಿದ್ದು ಆಗಲೇ.

ಮುಂದಿನದು ಕಾಗದಪತ್ರದ ಕೆಲಸ. 1940ರಿಂದ ಕಿರಿಯ ಖುರಲ್, ಅಂದರೆ ಸಂಸತ್ತಿನ ಸ್ಥಾಯೀ ಸಭೆ, ಅದರ ಅಧ್ಯಕ್ಷೆಯಾಗಿದ್ದವರು ಖೆರ್ತೆಕ್ ಅಂಚಿಮಾ. ಅರಸು ಮನೆತನಕ್ಕೆ ಸೇರದೆ ರಾಷ್ಟ್ರದ ಮುಖ್ಯಸ್ಥೆಯಾದ ಮೊದಲ ಮಹಿಳೆಯರಲ್ಲಿ ಇವರ ಹೆಸರು ಬರುತ್ತದೆ. ಇವರು ಕೈಹಿಡಿದದ್ದು ತೋಕಾರನ್ನು. ಪಕ್ಷ ಗಂಡನದು, ಗಣರಾಜ್ಯ ಹೆಂಡತಿಯದು. ಬೇರೆ ಯಾರ ಒಪ್ಪಿಗೆ ಬೇಕಿತ್ತು? 1944ರ ಆಗಸ್ಟ್ 17ರಂದು ಖುರಲ್ ತನ್ನನ್ನು ಸೇರಿಸಿಕೊಳ್ಳಿ ಎಂದು ಮನವಿ ಮಾಡಿತು, ಅಕ್ಟೋಬರ್ 11ರಂದು ಮಾಸ್ಕೋ ಮಂಜೂರು ಮಾಡಿತು. ಜನಮತಗಣನೆ ನಡೆಯಲಿಲ್ಲ.

ಜನರಿಗೆ ಇದು ಬೇಡವೇ ಆಗಿತ್ತು ಎಂದೂ ನಾನು ಹೇಳಲಾರೆ. ಹಿಟ್ಲರ್ ದಾಳಿ ಮಾಡಿದಾಗ ಲಕ್ಷ ಜನರೂ ಇಲ್ಲದ ಆ ನಾಡು ಸೋವಿಯತ್ ಸೇನೆಗೆ ಚಿನ್ನ ಕೊಟ್ಟಿತು, ಸಾವಿರಗಟ್ಟಲೆ ಕುದುರೆ ಕೊಟ್ಟಿತು. ಸ್ವಯಂಸೇವಕ ಸವಾರರು ರಣರಂಗಕ್ಕೂ ಹೋದರು. ಶಾಲೆ, ಆಸ್ಪತ್ರೆಗಳಿಗೆ ಸೋವಿಯತ್ ನೆರವಿನ ಆಸರೆಯಿತ್ತು. ಇದೆಲ್ಲಕ್ಕೆ ಸಿಕ್ಕಿದ ಸ್ಥಾನ ಯಾವುದು ಗೊತ್ತೇ? ಉಕ್ರೇನ್, ಜಾರ್ಜಿಯಾಗಳ ಸಾಲಿನಲ್ಲಿ ಒಕ್ಕೂಟದ ಗಣರಾಜ್ಯವಲ್ಲ, ರಷ್ಯಾದೊಳಗಿನ ಒಂದು ಸ್ವಾಯತ್ತ ಪ್ರಾಂತ. ಸ್ವಾಯತ್ತ ಗಣರಾಜ್ಯವೆಂಬ ಹೆಸರು ಬರಲು 1961 ಆಗಬೇಕಾಯಿತು. ತೋಕಾ ಮಾತ್ರ 1973ರಲ್ಲಿ ಸಾಯುವವರೆಗೂ ಅಲ್ಲಿ ಪಕ್ಷದ ಚುಕ್ಕಾಣಿ ಬಿಡಲಿಲ್ಲ. ದೇಶ ಹೋದರೂ ಕುರ್ಚಿ ಉಳಿಯಿತು.

ಒಕ್ಕೂಟ ಒಡೆದ ಮೇಲೆ 1993ರಲ್ಲಿ ತುವಾ ಬರೆದುಕೊಂಡ ಸಂವಿಧಾನದಲ್ಲಿ ರಷ್ಯಾದಿಂದ ಹೊರಹೋಗುವ ಹಕ್ಕಿತ್ತು. 2001ರ ಸಂವಿಧಾನದಲ್ಲಿ ಅದನ್ನು ಕೈಬಿಟ್ಟರು. ಮುಚ್ಚಿದ್ದ ಮಠಗಳು ಮಾತ್ರ ಮತ್ತೆ ತೆರೆಯುತ್ತಿವೆ. ಭಿಕ್ಷುಗಳಾಗಬಯಸುವ ತುವಾದ ಹುಡುಗರು ಓದಲು ಬರುವ ಊರುಗಳಲ್ಲಿ ನಿಮ್ಮ ಪಕ್ಕದ ಮುಂಡಗೋಡೂ ಒಂದು. ಅಲ್ಲಿನ ಟಿಬೆಟನ್ ಬೌದ್ಧರ ಡ್ರೆಪುಂಗ್ ಗೋಮಾಂಗ್ ವಿಹಾರದಲ್ಲಿ ವಿಚಾರಿಸಿ. ನನಗಿಂತ ಚೆನ್ನಾಗಿ ಹೇಳಬಲ್ಲವರು ಸಿಕ್ಕಾರು.

— ಸಂ.